ಬೆಳಿಗ್ಗೆ ಕಾರ್ಯಕ್ರಮಗಳ ವಿವರ ಓದುವವರಿಗೆ

ನಿನ್ನೆ, ಸುಮಾರು ಆರು ತಿಂಗಳಾದ ಮೇಲೆ, ಮತ್ತೆ ಹೊಲಿಗೆ ಮಷಿನ್ ತುಳಿದೆ. ಒಂದು ದಿಂಬಿನ ಗವಸು, ಅಷ್ಟೇ. ಬಲಗಾಲು ಸ್ವಲ್ಪ ನಡುಗಿತು. ಆದರೆ ದಾರ ಹರಿಯಲಿಲ್ಲ, ಹೊಲಿಗೆ ನೆಟ್ಟಗೆ ಬಂತು. ಅವ್ವ ಬಾಗಿಲಲ್ಲಿ ನಿಂತು ನೋಡಿದಳು, ಏನೂ ಮಾತಾಡಲಿಲ್ಲ.

ಡಾಕ್ಟರಿಗೆ, ನಡೆಯೋದು ಕಲಿಸಿದ ಫಿಜಿಯೋ ಮೇಡಮ್ಮಿಗೆ, ನನ್ನನ್ನು ಎತ್ತಿ ಇಳಿಸಿದ ತಮ್ಮನಿಗೆ ಎದುರಿಗೇ ಧನ್ಯವಾದ ಹೇಳಿದ್ದೇನೆ. ಹೇಳದೆ ಉಳಿದವರು ಧಾರವಾಡ ಆಕಾಶವಾಣಿಯಲ್ಲಿ ಬೆಳಿಗ್ಗೆ ಆ ದಿನದ ಕಾರ್ಯಕ್ರಮಗಳ ವಿವರ ಓದುವವರು. ಒಬ್ಬರಲ್ಲ, ಸರದಿಯ ಮೇಲೆ ಬರುವ ನಾಲ್ಕಾರು ದನಿಗಳು. ಈ ಬರಹ ಅವರಿಗೆ.

ಜೂನ್ ಮಳೆಯಲ್ಲಿ ಸ್ಕೂಟರ್ ಜಾರಿ ನನ್ನ ತೊಡೆಯ ಮೂಳೆ ಮುರಿಯಿತು. ಒಳಗೆ ರಾಡ್ ಹಾಕಿದರು. 12 ವಾರ ಆ ಕಾಲು ನೆಲಕ್ಕೆ ಊರಲೇಬಾರದು ಅಂದರು. ನೋವು ತಡೆದುಕೊಂಡೆ. ತಡೆಯಲಾಗದ್ದು ಬೇರೆ ಇತ್ತು. ಹೊಲಿಗೆಯವಳಿಗೆ ಪ್ರತಿ ದಿನಕ್ಕೂ ಒಂದು ಹೆಸರಿರುತ್ತದೆ. ಇವತ್ತು ಮಾಸ್ತರ ಮಗಳ ಜಂಪರ್ ಕೊಡಬೇಕು, ನಾಳೆ ಶಾಲೆ ಹುಡುಗರ ಅಂಗಿ. ಅದೆಲ್ಲ ಒಮ್ಮೆಲೇ ನಿಂತುಹೋಯಿತು. ಬೆಳಗಿಗೂ ಮಧ್ಯಾಹ್ನಕ್ಕೂ ವ್ಯತ್ಯಾಸವೇ ಇಲ್ಲ. ಮೊಬೈಲ್ ಹಿಡಿದು ನೋಡಿದೆ. ಅದರಲ್ಲಿ ಎಲ್ಲವೂ ಯಾವಾಗ ಬೇಕಾದರೂ ಸಿಗುತ್ತದೆ. ಯಾವಾಗ ಬೇಕಾದರೂ ಸಿಗುವುದಕ್ಕೆ ಯಾರು ಕಾಯುತ್ತಾರೆ, ಅಲ್ವಾ? ನನಗೆ ಕಾಯೋದಕ್ಕೆ ಏನಾದರೂ ಬೇಕಾಗಿತ್ತು.

ಅಪ್ಪನ ಹಳೆಯ ರೇಡಿಯೋವನ್ನು ಅವ್ವ ತಂದು ಕಿಟಕಿಯಲ್ಲಿಟ್ಟಳು. ಬ್ಯಾಟರಿ ಮುಚ್ಚಳ ಹೋಗಿ ಎಷ್ಟೋ ವರ್ಷವಾಗಿದೆ, ಲಂಗಕ್ಕೆ ಹಾಕುವ ಎಲಾಸ್ಟಿಕ್ ಸುತ್ತಿ ನಾನೇ ಬಿಗಿದಿದ್ದೆ. ಟ್ಯೂಬ್‌ಲೈಟ್ ಹಾಕಿದರೆ ಗರಗರ ಅನ್ನುತ್ತದೆ. ಹಾಗಾಗಿ ನಸುಕಿನ ಕತ್ತಲಲ್ಲೇ ಕೇಳುತ್ತಿದ್ದೆ. ಮೊದಲು ಆ ಹಳೆಯ ಶುರುವಾತಿನ ರಾಗ, ಆಮೇಲೆ ವಂದೇ ಮಾತರಂ. ಸ್ವಲ್ಪ ಹೊತ್ತಿಗೆ ಒಂದು ದನಿ ಬಂದು ಇವತ್ತು ಏನೇನಿದೆ ಅಂತ ಹೇಳುತ್ತಿತ್ತು. ಯಾರ ಗಾಯನ, ಯಾವ ರಾಗ, ತಬಲಾ ಯಾರದು. ರೈತರ ಕಾರ್ಯಕ್ರಮದಲ್ಲಿ ಯಾವ ವಿಷಯ. ರಾತ್ರಿ ನಾಟಕ ಉಂಟೋ ಇಲ್ಲವೋ.

ಮೂರನೇ ದಿನವೋ ನಾಲ್ಕನೇ ದಿನವೋ ಪೆನ್ನು ಕೇಳಿದೆ. ಕೈಗೆ ಸಿಕ್ಕಿದ್ದು ಅಳತೆ ಪುಸ್ತಕ. ಉದ್ದ, ಭುಜ, ಎದೆ, ಸೊಂಟ, ತೋಳು ಅಂತ ನಾನೇ ಗೆರೆ ಎಳೆದ ಮನೆಗಳು. ಬರೆಯಲು ಯಾರ ಅಳತೆಯೂ ಇರಲಿಲ್ಲ. ಆ ಮನೆಗಳಲ್ಲಿ ವೇಳೆ ಬರೆದುಕೊಂಡೆ. ಸಿತಾರ್ ಭುಜದ ಮನೆಯಲ್ಲಿ, ನಾಟಕ ಸೊಂಟದ ಮನೆಯಲ್ಲಿ. ಅವತ್ತಿನಿಂದ ನನ್ನ ದಿನಕ್ಕೆ ಮತ್ತೆ ಹೆಸರು ಬಂತು.

ಆ ವಿವರ ಓದುವ ರೀತಿಯ ಬಗ್ಗೆ ಹೇಳಲೇಬೇಕು. ಅದರಲ್ಲಿ ಅವಸರವಿರುವುದಿಲ್ಲ. ಹಾಡುವವರ ಹೆಸರಿನ ಜೊತೆ ಊರಿನ ಹೆಸರನ್ನೂ ಪೂರ್ತಿ, ಸರಿಯಾಗಿ ಹೇಳುತ್ತಾರೆ. ದೊಡ್ಡ ಉಸ್ತಾದರಿಗೆ ಒಂದು ದನಿ, ಮೊದಲ ಸಲ ಹಾಡುವ ಹುಡುಗಿಗೆ ಇನ್ನೊಂದು ದನಿ ಅಂತ ಇಲ್ಲ. ನಮಗೆ ಒಂದು ಗುಂಟೆ ಹೊಲವಿಲ್ಲ. ಆದರೂ ಹಿಂಗಾರಿ ಕಡಲೆಗೆ ಬರುವ ರೋಗದ ಮಾತು ಸಂಜೆ ಇದೆ ಅಂತ ಹೇಳಿದರೆ ನಾನು ಸಂಜೆಗೆ ಕಾಯುತ್ತಿದ್ದೆ. ಅದನ್ನು ಕೇಳಿಸಿಕೊಂಡು ಮನೆಗೆ ಬಂದ ಸೋದರಮಾವನಿಗೆ ಬೀಜೋಪಚಾರ ಮಾಡಿದ್ದೀರಾ ಅಂತ ಕೇಳಿದೆ. ಅವನು ನನ್ನ ಮುಖ ನೋಡಿ ನಕ್ಕ. ಆ ತಿಂಗಳಲ್ಲಿ ನನ್ನ ಕೋಣೆಯಲ್ಲಿ ಯಾರಾದರೂ ನಕ್ಕದ್ದು ಅದೇ ಮೊದಲು.

ಈ ಕೇಂದ್ರ ಶುರುವಾದದ್ದು 1950ರ ಜನವರಿ 8ಕ್ಕೆ. ಬೇಂದ್ರೆಯವರು ಸಾಹಿತ್ಯಕ್ಕೆ, ಮಲ್ಲಿಕಾರ್ಜುನ ಮನ್ಸೂರರು ಸಂಗೀತಕ್ಕೆ ಸಲಹೆಗಾರರಾಗಿದ್ದ ಜಾಗ ಅದು. ಒಂದು ರಾತ್ರಿ ಮನ್ಸೂರರ ಹಳೆಯ ಧ್ವನಿಮುದ್ರಣ ಹಾಕಿದರು. ನನಗೆ ರಾಗ ಗೊತ್ತಾಗುವುದಿಲ್ಲ. ಆದರೆ ಅವರು ಒಂದು ಸ್ವರದ ಮೇಲೆ ನಿಂತಾಗ ಕಾಲಿನ ಸೆಳೆತ ಮರೆತುಹೋಯಿತು. ಅದು ಇದೆ ಅಂತ ಬೆಳಿಗ್ಗೆಯೇ ಹೇಳಿದ್ದರಿಂದ ಮಾತ್ರ ನಾನು ಎಚ್ಚರವಾಗಿದ್ದೆ.

ನವೆಂಬರ್ 12ರಂದು ಕೇಳಿದ್ದು ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿದೆ. 1947ರಲ್ಲಿ ಅದೇ ದಿನ, ಅದು ದೀಪಾವಳಿಯ ದಿನವಂತೆ, ಗಾಂಧೀಜಿ ದೆಹಲಿಯ ಆಕಾಶವಾಣಿಗೆ ಹೋಗಿ ಮಾತಾಡಿದರು. ದೇಶ ಒಡೆದು ಮನೆಮಾರು ಕಳಕೊಂಡವರು ಕುರುಕ್ಷೇತ್ರದ ಶಿಬಿರದಲ್ಲಿದ್ದರು. ಅಲ್ಲಿಗೆ ಹೋಗಲು ಆಗದೆ ಗಾಂಧೀಜಿ ರೇಡಿಯೋದಲ್ಲಿ ಅವರ ಜೊತೆ ಮಾತಾಡಿದರು. ಅದರ ನೆನಪಿಗೇ ಆ ದಿನವನ್ನು ಸಾರ್ವಜನಿಕ ಪ್ರಸಾರ ದಿನ ಅಂತ ಆಚರಿಸುತ್ತಾರೆ. ಮಲಗಿದಲ್ಲಿಂದ ಏಳಲಾಗದೆ ಇದ್ದವಳಿಗೆ ಇದು ಬರೀ ಚರಿತ್ರೆ ಅನ್ನಿಸಲಿಲ್ಲ.

ಅದೇ ತಿಂಗಳಲ್ಲಿ ಒಂದು ಬೆಳಿಗ್ಗೆ ಹೇಳಿದರು: ಇನ್ನು ಹದಿನೈದು ದಿನಕ್ಕೆ ಸಂಗೀತ ಕಾರ್ಯಕ್ರಮವಿದೆ, ಕೇಳುಗರ ಎದುರಿಗೇ ನಡೆಯುತ್ತದೆ, ಆಸಕ್ತರೆಲ್ಲ ಬರಬಹುದು. ಅಳತೆ ಪುಸ್ತಕದಲ್ಲಿ ಆ ತಾರೀಖಿಗೆ ಎರಡು ಗೆರೆ ಎಳೆದೆ. ಆಗ ನಾನು ವಾಕರ್ ಬಿಟ್ಟು ಕೋಲು ಹಿಡಿದಿದ್ದೆ, ಅಂಗಳದ ತನಕ ಅಷ್ಟೇ. ದಿನಾ ಬೆಳಿಗ್ಗೆ ವಿವರ ಓದಿ ಮುಗಿಸಿದ ಕೂಡಲೇ ಹೊರಟುಬಿಡುತ್ತಿದ್ದೆ. ಮೊದಲು ಗೇಟು, ಆಮೇಲೆ ಬೇವಿನ ಗಿಡ, ಆಮೇಲೆ ಬಸ್ ಸ್ಟಾಪು.

ಹೋದೆ. ಬಾಗಿಲ ಹತ್ತಿರ ಜನರನ್ನು ಕೂರಿಸುತ್ತಿದ್ದ ಒಬ್ಬ ಹೆಂಗಸು ನನ್ನ ಕೋಲು ನೋಡಿ ಓಡಿ ಬಂದರು. "ಬರ್ರಿ ಅಕ್ಕಾರ, ಇಲ್ಲೇ ಕೂಡ್ರಿ, ಕಾಲು ಚಾಚ್ಕೋರಿ." ರೇಡಿಯೋದಲ್ಲಿ ಅವರು ಹಾಗೆ ಮಾತಾಡುವುದಿಲ್ಲ. ಆದರೂ ಒಂದೇ ಮಾತಿಗೆ ದನಿ ಗೊತ್ತಾಯಿತು. ನನಗೆ ಬಾಯಿಯೇ ಬರಲಿಲ್ಲ. ತಲೆ ಆಡಿಸಿದೆ, ಕೂತೆ. ಅವರು ಮುಂದಿನವರ ಕಡೆ ಹೋಗಿಬಿಟ್ಟರು.

ಅವತ್ತು ಹೇಳಬೇಕಾದದ್ದನ್ನು ಈಗ ಹೇಳುತ್ತಿದ್ದೇನೆ. ಮೇಡಂ, ನಿಮಗೆ ಧನ್ಯವಾದ. ದೀಪಾವಳಿ ಬೆಳಿಗ್ಗೆಯೂ ಮನೆ ಬಿಟ್ಟು ಬಂದು ಮೈಕಿನ ಮುಂದೆ ಕೂತಿದ್ದ ತಾತ್ಕಾಲಿಕ ಉದ್ಘೋಷಕರಿಗೆ, ನಾವು ಹೆಸರನ್ನೂ ಕೇಳದ ಟ್ರಾನ್ಸ್‌ಮಿಟರ್ ಎಂಜಿನಿಯರುಗಳಿಗೆ ಧನ್ಯವಾದ. ಎಷ್ಟೋ ಕಡೆ ಹಳೆಯ ಮೀಡಿಯಂ ವೇವ್ ಪ್ರಸಾರ ನಿಲ್ಲಿಸಿದ್ದಾರೆ, ಎಫ್‌ಎಂಗೆ, ಮೊಬೈಲ್ ಆ್ಯಪ್‌ಗೆ ಹೋಗುತ್ತಿದ್ದಾರೆ. ಹೋಗಲಿ, ನಾವೂ ಹಿಂದೆಯೇ ಬರುತ್ತೇವೆ. ಆದರೆ ಬೆಳಗಿನ ಆ ಐದು ನಿಮಿಷವನ್ನು ಮಾತ್ರ ಬಿಡಬೇಡಿ. ಪರದೆಯ ಮೇಲೆ ಪಟ್ಟಿ ಹಾಕಿದರೆ ಸಾಲದು, ಒಬ್ಬರು ಅದನ್ನು ಓದಿ ಹೇಳಬೇಕು.

ಜನವರಿಯ ಪುಟ ಈಗಾಗಲೇ ಶುರು ಮಾಡಿದ್ದೇನೆ. 8ಕ್ಕೆ ನಮ್ಮ ಕೇಂದ್ರದ ಹುಟ್ಟುಹಬ್ಬ. 25ರ ರಾತ್ರಿ ಸರ್ವಭಾಷಾ ಕವಿ ಸಮ್ಮೇಳನ. 1956ರಿಂದ ನಡೆದುಬಂದದ್ದು, ಬೇರೆ ಭಾಷೆಯ ಕವಿತೆಗಳು ನಮಗೆ ಕನ್ನಡದಲ್ಲೂ ಸಿಗುತ್ತವೆ. ಅದರ ಕೆಳಗೆ ಆರು ತಿಂಗಳಲ್ಲಿ ಮೊದಲ ಅಳತೆ ಬರೆದೆ. ಪಕ್ಕದ ಮನೆ ಹುಡುಗಿಯ ಬಿಳಿ ಅಂಗಿ. ಶಾಲೆಯ ಪರೇಡಿಗೆ 26ರ ಬೆಳಿಗ್ಗೆ ಬೇಕಂತೆ. ಹೊಲಿಗೆ ಮೊದಲೇ ಮುಗಿಸಿಡುತ್ತೇನೆ. ಗುಂಡಿ ಹಚ್ಚುವುದನ್ನು 25ರ ರಾತ್ರಿಗೆ ಇಟ್ಟುಕೊಂಡಿದ್ದೇನೆ, ಕವಿತೆ ಕೇಳುತ್ತಾ ಹಚ್ಚಬಹುದು.