ಹಡಗಿನ ಪ್ರವಾಸಕ್ಕೆ ಹಗುರ ಗಂಟು: ರಾಯಚೂರಿನ ಗೆಳೆಯನಿಗೊಂದು ಪತ್ರ

ಬಳ್ಳಾರಿ

ಪ್ರೀತಿಯ ಗೆಳೆಯಾ,

ನೀನು, ನಿನ್ನ ಮನೆಯವರು ಮತ್ತು ಅವ್ವ ಮೂವರೂ ಮಳೆಗಾಲ ಮುಗಿದ ಮೇಲೆ ಮುಂಬೈಯಿಂದ ಹಡಗು ಹತ್ತಿ ಲಕ್ಷದ್ವೀಪ ನೋಡಿಕೊಂಡು ಬರಲು ನಿಶ್ಚಯಿಸಿದ್ದೀರಿ ಎಂದು ತಿಳಿದು ಬಹಳ ಸಂತೋಷವಾಯಿತು. ತುಂಗಭದ್ರೆ, ಕೃಷ್ಣೆಯರ ಸೀಮೆಯಲ್ಲಿ ಬೆಳೆದ ನಮಗೆ ನೀರೆಂದರೆ ಆಚೆಯ ದಡ ಕಾಣುವ ನೀರು. ಯಾವ ಕಡೆಗೆ ತಿರುಗಿದರೂ ದಡ ಕಾಣದ ನೀರನ್ನು ಅವ್ವ ಈ ವಯಸ್ಸಿನಲ್ಲಿ ನೋಡಲಿರುವುದು ದೊಡ್ಡ ಮಾತು. ಪ್ರಯಾಣಕ್ಕೆಂದು ನೀನು ಬರೆದು ಕಳುಹಿಸಿದ ಸಾಮಾನಿನ ಪಟ್ಟಿಯನ್ನು ನಿಧಾನವಾಗಿ ಓದಿದೆ. ಮೂರು ದೊಡ್ಡ ಸೂಟ್‌ಕೇಸು, ಎರಡು ಕೈಚೀಲ, ರೊಟ್ಟಿಯ ಬುಟ್ಟಿ, ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್, ಚಾದರ, ಟವೆಲ್ಲು ಎಲ್ಲವೂ ಅದರಲ್ಲಿವೆ. ಹಿಂದೆ ನಾವೂ ಇದೇ ದಾರಿಯಲ್ಲಿ ಹೋಗಿ ಬಂದವರಾದ್ದರಿಂದ, ಈ ಪಟ್ಟಿಯ ಅರ್ಧಕ್ಕಿಂತ ಹೆಚ್ಚು ಸಾಮಾನು ಮನೆಯಲ್ಲಿಯೇ ಉಳಿಯಬೇಕೆಂದು ನಾನು ಏಕೆ ಹೇಳುತ್ತೇನೆ ಎಂಬುದನ್ನು ಬಿಡಿಸಿ ಬರೆಯುತ್ತೇನೆ.

ಹಡಗೆಂದರೆ ನಮ್ಮೊಂದಿಗೆ ಚಲಿಸುವ ವಸತಿಗೃಹ, ಊರೂರಿಗೆ ಪೆಟ್ಟಿಗೆ ಕಟ್ಟಿ ಬಿಚ್ಚುವ ಕಷ್ಟವಿಲ್ಲ, ಆದ್ದರಿಂದ ಎಷ್ಟು ತುಂಬಿದರೂ ನಡೆಯುತ್ತದೆ ಎಂಬುದು ನಿನ್ನ ವಾದ. ಒಮ್ಮೆ ಬಿಚ್ಚಿದರೆ ಸಾಕೆಂಬುದು ನಿಜ, ಆದರೆ ಬಿಚ್ಚಿಡಲು ಸ್ಥಳ ಬೇಕಲ್ಲ. ಸಾಮಾನ್ಯ ದರದ ಕೋಣೆ ಹಲವು ಹಡಗುಗಳಲ್ಲಿ 150ರಿಂದ 180 ಚದರ ಅಡಿಯಷ್ಟಿದ್ದು, ಮಂಚ, ಬಚ್ಚಲು, ಕಪಾಟು, ಕನ್ನಡಿಯ ಮೇಜು ಎಲ್ಲವೂ ಅದರೊಳಗೇ ಬರುತ್ತವೆ. ಹಳೆಯ ಹಡಗುಗಳಲ್ಲಿ ಇನ್ನೂ ಚಿಕ್ಕ ಕೋಣೆಗಳಿರುತ್ತವೆ. ಮೂರನೆಯವರ ಹಾಸಿಗೆ ಸಾಮಾನ್ಯವಾಗಿ ಗೋಡೆಯಿಂದಲೋ ಚಾವಣಿಯಿಂದಲೋ ಕೆಳಗಿಳಿಯುವಂಥದು. (ಆ ಮೇಲಿನ ಹಾಸಿಗೆ ನಿನ್ನ ಪಾಲಿಗಿರಲಿ, ಅವ್ವನಿಗೆ ಏಣಿ ಹತ್ತುವ ಪ್ರಸಂಗ ಬರದಂತೆ ಬುಕಿಂಗ್ ಮಾಡುವಾಗಲೇ ತಿಳಿಸು.) ಸೂಟ್‌ಕೇಸು ಇಡುವ ಜಾಗ ಮಂಚದ ಕೆಳಗೆ ಮಾತ್ರ. ಗಟ್ಟಿ ಚಿಪ್ಪಿನ ದೊಡ್ಡ ಪೆಟ್ಟಿಗೆ ಅಲ್ಲಿಗೆ ಹೋಗದಿದ್ದರೆ, ರಾತ್ರಿ ಅವ್ವ ಬಚ್ಚಲಿಗೆ ಎದ್ದಾಗ ಹಡಗಿನ ತೂಗಾಟದಲ್ಲಿ ಅದಕ್ಕೆ ಎಡವುವ ಅಪಾಯವಿರುತ್ತದೆ. ಒತ್ತಿದರೆ ತಗ್ಗುವ ಬಟ್ಟೆಯ ಚೀಲಗಳೇ ಉತ್ತಮ. ಕೋಣೆಯ ಗೋಡೆಗಳು ಬಹುತೇಕ ಉಕ್ಕಿನವಾಗಿರುವುದರಿಂದ ಅಯಸ್ಕಾಂತದ ನಾಲ್ಕು ಕೊಕ್ಕೆಗಳನ್ನು ಕೊಂಡುಕೊ; ಟೋಪಿ, ಕೈಚೀಲ, ಒದ್ದೆ ಬಟ್ಟೆಗಳೆಲ್ಲ ಗೋಡೆಗೇರಿ ನೆಲ ತೆರವಾಗುತ್ತದೆ.

ಇನ್ನು ಹಡಗಿನವರೆಗಿನ ದಾರಿ. ನೀವು ರಾಯಚೂರಿನಲ್ಲಿ ಮುಂಬೈ ರೈಲು ಹತ್ತಿ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್‌ನಲ್ಲಿ ಇಳಿದರೆ, ಹಡಗು ನಿಲ್ಲುವ ಬಲ್ಲಾರ್ಡ್ ಪಿಯರ್ ಅಲ್ಲಿಂದ ಬಹಳ ದೂರವಿಲ್ಲ. ಮೂರನೆಯ ದರ್ಜೆಯ ಎ.ಸಿ. ಬೋಗಿಯಲ್ಲಿ ಒಬ್ಬರಿಗೆ 40 ಕಿಲೋವರೆಗೆ ಲಗೇಜು ಉಚಿತವೆಂಬುದು ರೈಲ್ವೆಯ ನಿಯಮವಾದರೂ, ಒಂದು ಕೈಯಲ್ಲಿ ಅವ್ವನನ್ನು ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಎಷ್ಟು ಹೊರಬಲ್ಲೆ ಎಂಬುದೇ ನಿನಗೆ ಅಳತೆಯಾಗಬೇಕು. ಯುಗಾದಿಗೆ ನಮ್ಮ ಕಡೆಯಿಂದ ಶ್ರೀಶೈಲಕ್ಕೆ ನಡೆದು ಹೋಗುವ ಭಕ್ತರನ್ನು ನೀನು ನೋಡಿಯೇ ಇದ್ದೀಯೆ. ತಮ್ಮ ಹೆಗಲೇ ಹೊರಬೇಕೆಂದು ಬಲ್ಲ ಆ ಜನ ಒಂದು ಹೊದಿಕೆ, ಒಂದು ಜೊತೆ ಬಟ್ಟೆ, ಸ್ವಲ್ಪ ಬುತ್ತಿಯಲ್ಲಿ ಅಷ್ಟು ದೂರದ ದಾರಿಯನ್ನು ಕ್ರಮಿಸುತ್ತಾರೆ.

ಬಂದರಿನಲ್ಲಿ ನಿಮ್ಮ ದೊಡ್ಡ ಚೀಲಗಳಿಗೆ ಕೋಣೆಯ ಸಂಖ್ಯೆಯ ಚೀಟಿ ಕಟ್ಟಿ, ಎಕ್ಸ್‌ರೇ ಮಾಡಿ, ಹಡಗಿನವರೇ ಒಯ್ಯುತ್ತಾರೆ. ಅವು ಕೋಣೆಯ ಬಾಗಿಲಿಗೆ ಬರಲು ಹಲವು ಗಂಟೆಗಳೇ ಹಿಡಿಯಬಹುದು. ಆ ಹೊತ್ತಿನಲ್ಲಿ ನಿಮ್ಮ ಬಳಿ ಇರುವುದು ಹೆಗಲ ಚೀಲವೊಂದೇ, ಆದ್ದರಿಂದ ಇಡೀ ಸಿದ್ಧತೆಯಲ್ಲಿ ಹೆಚ್ಚು ಯೋಚಿಸಿ ತುಂಬಬೇಕಾದದ್ದು ಅದನ್ನೇ. ಅವ್ವನ ಬಿ.ಪಿ. ಮತ್ತು ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಡಬ್ಬಿಗೆ ಸುರಿಯದೆ ಹೆಸರು ಕಾಣುವ ಸ್ಟ್ರಿಪ್‌ನಲ್ಲಿಯೇ ಇಡು. ಪ್ರಯಾಣದ ದಿನಗಳಿಗೆ ಬೇಕಾದುದರ ಎರಡರಷ್ಟಿರಲಿ, ವೈದ್ಯರ ಚೀಟಿಯೂ ಜೊತೆಗಿರಲಿ. ಅವರ ಕನ್ನಡಕ ಒಂದಿದ್ದರೆ ಇನ್ನೊಂದನ್ನು ಮಾಡಿಸಿಕೊಂಡು ಹೋಗು. ಹಡಗಿನಲ್ಲಿ ವೈದ್ಯರಿರುತ್ತಾರೆ, ಆದರೆ ಅಲ್ಲಿಯ ಶುಲ್ಕ ಬಹಳ ಹೆಚ್ಚು. ಅವ್ವ ನಿತ್ಯ ನುಂಗುವ ಅದೇ ಮಾತ್ರೆ ಅವರಲ್ಲಿ ಸಿಕ್ಕೇ ಸಿಗುತ್ತದೆಂದು ನಂಬಿಕೊಂಡು ಹೋಗುವಂತಿಲ್ಲ. ವಾಂತಿ, ತಲೆಸುತ್ತಿಗೆ ಯಾವ ಮಾತ್ರೆಯೆಂಬುದನ್ನು ಹೊರಡುವ ಮೊದಲೇ ನಿಮ್ಮ ವೈದ್ಯರಲ್ಲಿ ಕೇಳಿಕೊ. ಅಂಥ ಕೆಲವು ಮಾತ್ರೆಗಳು ನಿದ್ದೆ ತರಿಸುವುದರಿಂದ ವಯಸ್ಸಾದವರ ವಿಷಯದಲ್ಲಿ ಕೇಳದೆ ಕೊಡಬಾರದು. ಗುರುತಿನ ಚೀಟಿ, ಟಿಕೇಟು ಮತ್ತು ಲಕ್ಷದ್ವೀಪದ ಪ್ರವೇಶ ಪರವಾನಗಿಯ ಪ್ರತಿಗಳು (ಅಲ್ಲಿಗೆ ಹೋಗಲು ಭಾರತೀಯರಿಗೂ ಪರವಾನಗಿ ಬೇಕು), ಫೋನಿನ ಚಾರ್ಜರು, ಮೂವರಿಗೂ ಒಂದೊಂದು ಜೊತೆ ಬಟ್ಟೆ ಇವಿಷ್ಟು ಸೇರಿದರೆ ಹೆಗಲ ಚೀಲ ತುಂಬಿತು. ನಡುಸಮುದ್ರದಲ್ಲಿ ಕೊಳ್ಳಲು ಸಿಗದ ವಸ್ತುವನ್ನು ಹೆಚ್ಚಾಗಿಯೇ ಒಯ್ಯು, ಹಡಗಿನವರೇ ಕೊಡುವ ವಸ್ತುವನ್ನು ಒಯ್ಯಲೇಬೇಡ. ನಾನು ಹೇಳಬೇಕೆಂದಿರುವ ಮುಖ್ಯ ವಿಷಯ ಇದು. ಟವೆಲ್ಲು, ಹಾಸಿಗೆ, ಹೊದಿಕೆ, ಸೋಪು, ಶಾಂಪೂ ಎಲ್ಲವೂ ಅವರಲ್ಲಿವೆ. ಈಜುಕೊಳದ ಬಳಿಗೆ ಬೇರೆ ಟವೆಲ್ಲನ್ನೂ, ಆಪತ್ತಿಗೆ ತೇಲುವ ಅಂಗಿಯನ್ನೂ ಅವರೇ ಕೊಡುತ್ತಾರೆ.

ಬಟ್ಟೆಯ ವಿಷಯದಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯಲು ಬಿಡು, ಏಕೆಂದರೆ ಅದು ನನ್ನ ಕಸುಬು. ನೀನು ನಾಲ್ಕು ಜೀನ್ಸ್ ಪ್ಯಾಂಟು ಬರೆದಿದ್ದೀಯೆ. ಜೀನ್ಸ್ ಹೊಲಿದೇ ಸಾವಿರಾರು ಮನೆಗಳ ಒಲೆ ಉರಿಯುವ ಊರಿನವನು ನಾನು. ಆದರೂ ಹಡಗಿಗೆ ಜೀನ್ಸ್ ಬೇಡ ಎಂದೇ ಹೇಳುತ್ತೇನೆ. ದಪ್ಪ ಡೆನಿಮ್ ಚದರ ಗಜಕ್ಕೆ 12ರಿಂದ 14 ಔನ್ಸ್ ತೂಗುತ್ತದೆ, ಅಂದರೆ ಗಂಡಸರ ಒಂದು ಪ್ಯಾಂಟು ಹೆಚ್ಚುಕಡಿಮೆ 600ರಿಂದ 700 ಗ್ರಾಂ. ನಮ್ಮ ವಾಷಿಂಗ್ ಘಟಕಗಳಲ್ಲಿ ತೊಳೆದು ತೆಗೆದ ಮಾಲು ಬಳ್ಳಾರಿಯ ಬಿಸಿಲಿನಲ್ಲಿಯೂ ಬೇಗ ಒಣಗುವುದಿಲ್ಲ, ಸೊಂಟಪಟ್ಟಿ ಮತ್ತು ಜೇಬಿನ ಹೊಲಿಗೆಗಳಲ್ಲಿ ತೇವ ಉಳಿದೇ ಇರುತ್ತದೆ. ಹಾಗಿರುವಾಗ ಉಪ್ಪುಗಾಳಿಯ ಕಡಲಿನ ಮೇಲೆ, ಕಿಟಕಿ ತೆರೆಯದ ಕೋಣೆಯಲ್ಲಿ ಅದು ಎಂದಿಗೆ ಒಣಗೀತು? ರಾಯಚೂರಿನ ಏಪ್ರಿಲ್‌ನಲ್ಲಿ ಮಾಳಿಗೆಯ ಮೇಲೆ ಹರವಿದ ಅಂಗಿ ಊಟ ಮುಗಿಸಿ ಏಳುವಷ್ಟರಲ್ಲಿ ಗರಿಗರಿಯಾಗುತ್ತದೆ. ನಮ್ಮ ಅಂದಾಜುಗಳೆಲ್ಲ ಆ ಒಣಹವೆಯಲ್ಲಿ ಬೆಳೆದವು, ಕರಾವಳಿಯ ತೇವದಲ್ಲಿ ಅವು ಸಲ್ಲುವುದಿಲ್ಲ. ದಪ್ಪ ಹತ್ತಿಯೂ ಅಲ್ಲಿ ಕಷ್ಟವೇ. ಹತ್ತಿ ಮತ್ತು ಪಾಲಿಯೆಸ್ಟರ್ ಬೆರೆತ ತೆಳು ಅಂಗಿಗಳು, ಹಗುರವಾದ ಎರಡು ಪ್ಯಾಂಟು, ಒಂದು ಚಡ್ಡಿ, ರಾತ್ರಿಗೆ ಒಂದು ಲುಂಗಿ ಇಷ್ಟರಲ್ಲಿ ನಾಲ್ಕೈದು ದಿನ ಸಲೀಸಾಗಿ ನಡೆಯುತ್ತದೆ. ಒಳ ಉಡುಪುಗಳನ್ನು ಬಚ್ಚಲಿನಲ್ಲಿಯೇ ಹಿಂಡಿ, ಒಣ ಟವೆಲ್ಲಿನ ಮೇಲೆ ಹರವಿ, ಟವೆಲ್ಲು ಸಮೇತ ಬಿಗಿಯಾಗಿ ಸುತ್ತಿ ಒತ್ತಿದರೆ ನೀರಿನ ಬಹುಪಾಲು ಟವೆಲ್ಲಿಗೆ ಇಳಿಯುತ್ತದೆ, ಬಳಿಕ ರಾತ್ರಿ ಕಳೆಯುವುದರೊಳಗೆ ಅವು ಉಡುವಂತಾಗುತ್ತವೆ. ಕೋಣೆಗೆ ಬಾಲ್ಕನಿಯಿದ್ದರೆ ಅದರ ಕಂಬಿಗೆ ಮಾತ್ರ ಬಟ್ಟೆ ಒಣಹಾಕಬೇಡಿ, ಗಾಳಿಗೆ ಹಾರಿಹೋಗುವುದೆಂಬ ಕಾರಣಕ್ಕೆ ಹಡಗಿನವರು ಅದಕ್ಕೆ ಒಪ್ಪುವುದಿಲ್ಲ.

ನಿನ್ನ ಮನೆಯವರು ರಾತ್ರಿಯ ಔತಣಕ್ಕೆಂದು ಹೊಸ ಗೌನು ಹೊಲಿಸುವ ಯೋಚನೆಯಲ್ಲಿದ್ದಾರೆಂದು ಬರೆದಿದ್ದೀಯೆ. ಅವರ ಇಷ್ಟವಿದ್ದರೆ ಹೊಲಿಸಲಿ, ಆದರೆ ಔತಣದ ಉಡುಗೆಯ ನಿಯಮವನ್ನು ನಮ್ಮ ಸೀರೆ ಯಾವ ಕೊರತೆಯೂ ಇಲ್ಲದೆ ಪೂರೈಸುತ್ತದೆ. ಒಂದು ಒಳ್ಳೆಯ ಇಳಕಲ್ ಸೀರೆಗೆ ಎರಡು ಬೇರೆ ಬಣ್ಣದ ಕುಪ್ಪಸಗಳಿದ್ದರೆ ಎರಡು ಸಂಜೆಗಳಿಗೆ ಎರಡು ಅಂದ ಬರುತ್ತದೆ, ಮಡಿಸಿದರೆ ಬಹಳ ಕಡಿಮೆ ಜಾಗ ಸಾಕು. ಭಾರದ ರೇಷ್ಮೆ ಸೀರೆಗಳು, ಒಡವೆಗಳು ಮನೆಯಲ್ಲಿರಲಿ. ಎಲ್ಲರಿಗೂ ಒಂದೊಂದು ಶಾಲು ಅಥವಾ ಸ್ವೆಟರು ಮರೆಯಬೇಡ. ನಲವತ್ತು ಡಿಗ್ರಿಯ ಸೀಮೆಯವರಾದ ನಮಗೆ ಪೆಟ್ಟಿಗೆ ಕಟ್ಟುವಾಗ ಚಳಿಯ ನೆನಪೇ ಬರುವುದಿಲ್ಲ, ಆದರೆ ಹಡಗಿನ ನಾಟಕಶಾಲೆ, ಊಟದ ಮನೆಗಳ ಎ.ಸಿ. ಅವ್ವನ ಮೊಣಕಾಲಿಗೆ ಹಿತವಲ್ಲ. ಬಟ್ಟೆಗಿಂತ ಭಾರವಾದವು ಪಾದರಕ್ಷೆಗಳು. ಶೂ ಇದ್ದರೆ ಕಾಲಿನಲ್ಲಿಯೇ ಹೋಗಲಿ, ಚೀಲದಲ್ಲಿ ಒದ್ದೆ ನೆಲದ ಮೇಲೆ ಜಾರದ ರಬ್ಬರಿನ ಚಪ್ಪಲಿ ಮಾತ್ರ ಇರಲಿ.

ಇಸ್ತ್ರಿ ಪೆಟ್ಟಿಗೆ, ಕಾಯಿಲ್, ವಿದ್ಯುತ್ ಕೆಟಲ್, ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಷನ್ ಬೋರ್ಡು, ಮೇಣದಬತ್ತಿ ಇವು ಯಾವುವನ್ನೂ ಬಹುತೇಕ ಕ್ರೂಸ್ ಹಡಗುಗಳು ಒಳಗೆ ಬಿಡುವುದಿಲ್ಲ. ಅಂಥ ವಸ್ತು ಎಕ್ಸ್‌ರೇಯಲ್ಲಿ ಕಂಡರೆ ಇಡೀ ಚೀಲವೇ ತಪಾಸಣೆಯ ಕಡೆ ನಿಲ್ಲುತ್ತದೆ, ಮೊದಲ ಸಂಜೆ ಅದನ್ನು ಬಿಡಿಸಿಕೊಳ್ಳುವುದರಲ್ಲಿಯೇ ಕಳೆದುಹೋಗುತ್ತದೆ. ಈ ಕಟ್ಟುನಿಟ್ಟನ್ನು ಕಿರುಕುಳವೆಂದು ಭಾವಿಸಬೇಡ. ಊರಿನಲ್ಲಿ ಬೆಂಕಿ ಬಿದ್ದರೆ ಬೀದಿಗೆ ಓಡಿಬರಬಹುದು, ಅಗ್ನಿಶಾಮಕ ವಾಹನ ಬರುತ್ತದೆ. ಕಡಲಿನ ನಡುವೆ ಅಲ್ಲಿಯ ಸಿಬ್ಬಂದಿಯೇ ಅಗ್ನಿಶಾಮಕ ದಳ, ಓಡಿಹೋಗಲು ಬೀದಿಯಿಲ್ಲ. ನೀವು ಹಡಗು ಹತ್ತುವ ಮುಂಬೈ ಬಂದರಿನಲ್ಲಿಯೇ 1944ರ ಏಪ್ರಿಲ್ 14ರಂದು, ಹತ್ತಿಯ ಬೇಲುಗಳನ್ನೂ ಸ್ಫೋಟಕಗಳನ್ನೂ ಒಟ್ಟಿಗೆ ಹೊತ್ತಿದ್ದ ಫೋರ್ಟ್ ಸ್ಟಿಕೀನ್ ಎಂಬ ಸರಕುಹಡಗಿಗೆ ಬೆಂಕಿ ಬಿದ್ದು ಸಿಡಿದು, ನೂರಾರು ಜನರು ಸತ್ತರು. ಅಂದು ಮಡಿದ ಅಗ್ನಿಶಾಮಕ ಸಿಬ್ಬಂದಿಯ ನೆನಪಿಗೆ ಇಂದಿಗೂ ದೇಶದಲ್ಲಿ ಏಪ್ರಿಲ್ 14ನ್ನು ಅಗ್ನಿಶಾಮಕ ಸೇವಾ ದಿನವಾಗಿ ಆಚರಿಸುತ್ತಾರೆ. ಬೆಂಕಿ ಹೊತ್ತಿಸುವ ವಸ್ತು ತರಬಾರದೆಂದು ಅವ್ವನಿಗೆ ಮೊದಲೇ ಹೇಳಿ ಒಪ್ಪಿಸು, ಏಕೆಂದರೆ ಅವರು ಕರ್ಪೂರ, ಊದಿನಕಡ್ಡಿ, ಬೆಂಕಿಪೆಟ್ಟಿಗೆಯನ್ನು ಸೆರಗಿನ ಗಂಟಿನಲ್ಲಿಯಾದರೂ ತರುತ್ತಾರೆ. ನಿತ್ಯದ ಲಿಂಗಪೂಜೆಗೆ ವಿಭೂತಿ ಗಟ್ಟಿ, ರುದ್ರಾಕ್ಷಿ, ಪೂಜೆಯ ವಸ್ತ್ರ, ಪುಟ್ಟ ತಾಮ್ರದ ಗಿಂಡಿ ಇದ್ದರೆ ಅವರ ನೇಮ ಒಂದು ದಿನವೂ ತಪ್ಪುವುದಿಲ್ಲ. ಆ ಸಣ್ಣ ಗಂಟಿಗೆ ಮಾತ್ರ ಯಾವ ತೂಕದ ಲೆಕ್ಕವನ್ನೂ ಹಾಕಬೇಡ.

ರೊಟ್ಟಿಯ ಬುಟ್ಟಿಯ ಬಗ್ಗೆ ಹೇಳಲು ನನಗೂ ಸಂಕಟವೇ. ನಮ್ಮಲ್ಲಿ ಊರು ಬಿಡುವವರ ಕೈಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಕಟ್ಟಿಕೊಡದೆ ಕಳುಹಿಸುವ ತಾಯಿ ಎಲ್ಲಿದ್ದಾಳೆ? ಆದರೆ ಮನೆಯ ಅಡುಗೆಯನ್ನು ಬಹುತೇಕ ಹಡಗುಗಳು ಒಳಗೆ ಬಿಡುವುದಿಲ್ಲ. ರೈಲಿನಲ್ಲಿ ಉಂಡು ಮುಗಿಯುವಷ್ಟೇ ಬುತ್ತಿ ಕಟ್ಟಿಸು. ಮುಂಬೈಯಿಂದ ಹೊರಡುವ ಹಡಗಿನಲ್ಲಿ ಸಸ್ಯಾಹಾರದ ಅನ್ನ, ಸಾರು, ಮೊಸರು ಸಿಗುವುದಕ್ಕೆ ಕೊರತೆಯಿಲ್ಲ. ಖಾರ ಸಪ್ಪೆಯೆನಿಸಿದರೆ ಅಡುಗೆಯವರಿಗೆ ಹೇಳಿದರೆ ಹಸಿಮೆಣಸಿನಕಾಯಿ ತಂದುಕೊಡುತ್ತಾರೆ.

ದ್ವೀಪಕ್ಕೆ ಇಳಿಯುವ ದಿನ ಹಗುರ ಗಂಟಿನ ಬೆಲೆ ತಿಳಿಯುತ್ತದೆ. ಹವಳದ ದಿಬ್ಬಗಳ ಕಾರಣದಿಂದ ದೊಡ್ಡ ಹಡಗು ದೂರದಲ್ಲಿಯೇ ಲಂಗರು ಹಾಕುತ್ತದೆ, ಅಲ್ಲಿಂದ ಸಣ್ಣ ದೋಣಿಗೆ ದಾಟಬೇಕು. ದೋಣಿ ಏಳುತ್ತಾ ಇಳಿಯುತ್ತಾ ಇರುವಾಗ ಸಿಬ್ಬಂದಿ ಕೈಹಿಡಿದು ಇಳಿಸಿಕೊಳ್ಳುತ್ತಾರೆ, ನಿಮ್ಮ ಎರಡೂ ಕೈಗಳು ಖಾಲಿಯಿರಬೇಕು. ಬೆನ್ನಿಗೆ ಏರುವ ಒಂದೇ ಚೀಲದಲ್ಲಿ ನೀರು, ಟೋಪಿ, ಅವ್ವನ ಮಧ್ಯಾಹ್ನದ ಮಾತ್ರೆ ಇರಲಿ. ಮರಳುವಾಗ ಹವಳದ ತುಂಡನ್ನು ಮಕ್ಕಳಿಗೆಂದು ಚೀಲಕ್ಕೆ ಹಾಕಿಕೊಳ್ಳಬೇಡಿ. ಅದು ಕಾನೂನಿನ ಪ್ರಕಾರ ಅಪರಾಧ, ಹವಳವಿಲ್ಲದೆ ಆ ದ್ವೀಪಗಳೂ ಇಲ್ಲ.

ಕೊನೆಯ ರಾತ್ರಿ ದೊಡ್ಡ ಚೀಲಗಳನ್ನು ಕೋಣೆಯ ಹೊರಗಿಡಿರೆಂದು ಹೇಳುತ್ತಾರೆ, ಅವನ್ನು ಬೆಳಿಗ್ಗೆ ಬಂದರಿನಲ್ಲಿ ಹುಡುಕಿಕೊಳ್ಳಬೇಕಾಗುತ್ತದೆ. ಬೆಳಗಿನ ಬಟ್ಟೆಯನ್ನೂ ಮಾತ್ರೆಯನ್ನೂ ತೆಗೆದಿಟ್ಟುಕೊಳ್ಳದೆ ಎಲ್ಲವನ್ನೂ ಹೊರಗಿಟ್ಟು ರಾತ್ರಿಯ ಉಡುಪಿನಲ್ಲಿಯೇ ಇಳಿದವರನ್ನು ನಾನು ನೋಡಿದ್ದೇನೆ. ನಿಮ್ಮ ಚೀಲಗಳನ್ನು ನೀವೇ ಹೊರಬಲ್ಲಿರಾದರೆ ಹಾಗೆ ಹೊರಗಿಡದೆ ಜೊತೆಯಲ್ಲಿಯೇ ಹಿಡಿದು ಇಳಿಯಲು ಹಲವು ಹಡಗುಗಳು ಅವಕಾಶ ಕೊಡುತ್ತವೆ, ಕೇಳಿ ನೋಡು. ಸಂಜೆಯ ರೈಲಿಗೆ ಅವಸರವಿಲ್ಲದೆ ತಲುಪುತ್ತೀರಿ.

ಮೂವರಿಗೂ ಸೇರಿ ಎರಡು ಮೃದು ಚೀಲ, ಒಂದು ಹೆಗಲ ಚೀಲ ಇಷ್ಟಕ್ಕೆ ಪಟ್ಟಿಯನ್ನು ಮತ್ತೊಮ್ಮೆ ಬರೆದು ಕಳುಹಿಸು. ಕಂಪನಿಯವರು ಕೊಟ್ಟ ನಿಷೇಧಿತ ವಸ್ತುಗಳ ಹಾಳೆಯೂ ಜೊತೆಗಿರಲಿ, ಹಡಗಿನಿಂದ ಹಡಗಿಗೆ ಅದು ಸ್ವಲ್ಪ ಬದಲಾಗುತ್ತದೆ. ನಿನ್ನ ಸೊಂಟದ ಮತ್ತು ಉದ್ದದ ಅಳತೆಯನ್ನೂ ಬರೆ. ತೆಳುಬಟ್ಟೆಯ ಎರಡು ಪ್ಯಾಂಟುಗಳನ್ನು ಇಲ್ಲಿಯೇ ಹೊಲಿಸಿ, ರಾಯಚೂರಿಗೆ ಬರುವವರ ಕೈಯಲ್ಲಿ ಹಬ್ಬದೊಳಗೆ ಕಳುಹಿಸುತ್ತೇನೆ. ಅವ್ವನಿಗೆ ನನ್ನ ಶರಣು ತಿಳಿಸು.

ಇಂತಿ ನಿನ್ನ
ಬಳ್ಳಾರಿಯ ಗೆಳೆಯ