ವಿಜ್ಞಾನ ಶಿಕ್ಷಕರ ಗಮನಕ್ಕೆ: ಕಲ್ಲಿದ್ದಲಿನ ಪಾಠಕ್ಕೆ ಮನೆಯ ಮೀಟರ್

ಶಿಕ್ಷಕ ಮಿತ್ರರೇ, ಕಲ್ಲಿದ್ದಲಿನ ಪಾಠವನ್ನು ಈ ಸಲ ಮನೆಯ ವಿದ್ಯುತ್ ಮೀಟರಿನಿಂದಲೇ ಶುರುಮಾಡಿ. ಅದರ ಮೇಲೆ ಯೂನಿಟ್‌ಗೆ 3200 ಇಂಪಲ್ಸ್ ಎಂದಿದ್ದರೆ, ಕೆಂಪು ದೀಪ 3200 ಸಲ ಮಿನುಗಿದಾಗ ಒಂದು ಯೂನಿಟ್, ಅಂದರೆ 1000 ವಾಟ್ ಉಪಕರಣ ಒಂದು ಗಂಟೆ ಓಡಿದಷ್ಟು ವಿದ್ಯುತ್. ಉಳಿದದ್ದೆಲ್ಲ ಆಫ್ ಮಾಡಿಸಿ, 750 ವಾಟ್ ಇಸ್ತ್ರಿ ಪೆಟ್ಟಿಗೆ ಮಾತ್ರ ಹಾಕಿಸಿ: ನಿಮಿಷಕ್ಕೆ ಸುಮಾರು 40 ಸಲ ಮಿನುಗಬೇಕು. ತೀರಾ ಕಡಿಮೆ ಬಂದರೆ ಪೆಟ್ಟಿಗೆ ಕಾದು ಥರ್ಮೋಸ್ಟಾಟ್ ಕಟ್ ಮಾಡಿರುತ್ತದೆ, ಹೆಚ್ಚು ಬಂದರೆ ಬಹುಶಃ ಫ್ರಿಜ್ ಓಡುತ್ತಿದೆ. ಆನ್ ಮಾಡಿದ ಕೂಡಲೇ ಎಣಿಸಿ, ಹಿರಿಯರು ಜೊತೆಗಿರಲೇಬೇಕು.

ಮಕ್ಕಳು ಎಡವುವುದು ವಾಟ್ ಮತ್ತು ಯೂನಿಟ್ ನಡುವೆ. 2000 ವಾಟ್ ಗೀಸರ್ ಅರ್ಧ ಗಂಟೆಗೇ ಒಂದು ಯೂನಿಟ್ ತಿನ್ನುತ್ತದೆ. 9 ವಾಟ್ ಎಲ್‌ಇಡಿ ಬಲ್ಬಿಗೆ 111 ಗಂಟೆ ಬೇಕು. ಆ ಒಂದು ಯೂನಿಟ್‌ಗೆ ರಾಯಚೂರಿನ ಶಕ್ತಿನಗರದಂಥ ಕಲ್ಲಿದ್ದಲು ವಿದ್ಯುತ್ ಸ್ಥಾವರದಲ್ಲಿ ಮುಕ್ಕಾಲು ಕೆಜಿ ಆಸುಪಾಸು ಕಲ್ಲಿದ್ದಲು ಉರಿಯಬೇಕು. ಅದರ ಶಾಖದಲ್ಲಿ ಸುಮಾರು ಮೂರನೇ ಒಂದು ಭಾಗವಷ್ಟೇ ವಿದ್ಯುತ್ತಾಗುತ್ತದೆ. ಎಣಿಕೆಯ ಪಟ್ಟಿಯನ್ನು ಸೋಮವಾರದೊಳಗೆ ಇಲ್ಲಿ ಹಾಕಿ.