ಕೇರ್‌ಗಳಿಗೆ ಬೆಳ್ಳಿ ರೆಕ್ಕೆ ಯಾಕೆ?

ಪ್ರೀತಿಯ ತಂಗೀ,

ನಿನ್ನ ಹಸ್ತಪ್ರತಿ ಓದಿದೆ, ಜೊತೆಗಿಟ್ಟ ಚೀಟಿಯನ್ನೂ ಓದಿದೆ. ಕಳಿಸಿದ ಕಡೆಯಿಂದೆಲ್ಲ ವಾಪಸ್ ಬಂತು, ಇನ್ನು ಬರೆಯೋದಿಲ್ಲ ಅಂದಿದ್ದೀಯ. ಪ್ರಕಾಶಕರು, ಪುಟದ ಲೆಕ್ಕ, ಅಧ್ಯಾಯಗಳ ಜೋಡಣೆ ಇವೆಲ್ಲ ಆಮೇಲೆ ಸರಿಹೋಗುತ್ತವೆ. ನನಗೆ ಸಿಟ್ಟು ಬಂದದ್ದು ನಾಲ್ಕನೇ ಅಧ್ಯಾಯಕ್ಕೆ. ಟ್ರಾಯ್ ಯುದ್ಧಕ್ಕೆ ನೀನು ಇಳಿಸಿದ ಕೇರ್‌ಗಳು, ಗ್ರೀಕರ ಆ ಸಾವಿನ ದೇವತೆಗಳು, ಅಷ್ಟು ಚೆಲುವೆಯರು ಯಾಕೆ? ಬೆಳ್ಳಿ ರೆಕ್ಕೆ, ತುಂಬಿದ ಕಣ್ಣು, ಸಾಯುವವನ ತಲೆ ನೇವರಿಸುವ ಕೈ!

ಹೋಮರನ ಇಲಿಯಡ್ ಕಾವ್ಯದ 18ನೇ ಸರ್ಗ ತೆಗೆದು ನೋಡು. ಗ್ರೀಕ್ ವೀರ ಅಕಿಲೀಸನ ಗುರಾಣಿಯ ಮೇಲಿನ ಚಿತ್ರದಲ್ಲಿ ಕೇರ್ ಇದ್ದಾಳೆ. ಈಗಷ್ಟೇ ಗಾಯವಾಗಿ ಇನ್ನೂ ಜೀವ ಇರುವ ಒಬ್ಬನನ್ನು ಹಿಡಿದಿದ್ದಾಳೆ. ಗಾಯವೇ ಆಗದ ಇನ್ನೊಬ್ಬನನ್ನೂ ಹಿಡಿದಿದ್ದಾಳೆ. ಸತ್ತವನೊಬ್ಬನನ್ನು ಕಾಲು ಹಿಡಿದು ಎಳೆಯುತ್ತಿದ್ದಾಳೆ. ಹೆಗಲ ಮೇಲಿನ ಬಟ್ಟೆ ರಕ್ತದಿಂದ ಕೆಂಪಾಗಿದೆ. ಗಾಯವಾಗದವನನ್ನು ಯಾಕೆ ಹಿಡಿದಳು? ಹೋಮರ್ ಹೇಳುವುದಿಲ್ಲ. ಆ ಹೇಳದೆ ಬಿಟ್ಟದ್ದರಲ್ಲೇ ಇಡೀ ಯುದ್ಧ ಇದೆ, ಅಲ್ವಾ?

ಹೆರಾಕ್ಲೀಸನ ಗುರಾಣಿಯನ್ನು ವರ್ಣಿಸುವ ಹಳೆಯ ಕಾವ್ಯದಲ್ಲಿ ಇವರು ಬಿಳಿ ಹಲ್ಲು ಕಡಿಯುತ್ತಾ ಬಿದ್ದವರಿಗಾಗಿ ಕಿತ್ತಾಡುತ್ತಾರೆ. ರಕ್ತ ಕುಡಿದು ಸಾಕಾದ ಮೇಲೆ ಹೆಣವನ್ನು ಹಿಂದಕ್ಕೆ ಎಸೆದು ಮತ್ತೆ ಗದ್ದಲಕ್ಕೆ ನುಗ್ಗುತ್ತಾರೆ. ಪಕ್ಕದಲ್ಲೇ ದುಃಖದ ದೇವತೆ ಅಖ್ಲಿಸ್ ನಿಂತಿದ್ದಾಳೆ. ಮೂಗು ಸುರಿಯುತ್ತಿದೆ, ಕೆನ್ನೆಯಿಂದ ರಕ್ತ ತೊಟ್ಟಿಕ್ಕುತ್ತಿದೆ, ಹೆಗಲ ತುಂಬ ಧೂಳು. ದೇವತೆಯ ಮೂಗು ಸುರಿಯಿತು ಅಂತ ಬರೆಯಲು ಎಂಥ ಧೈರ್ಯ ಬೇಕು ನೋಡು.

ನನ್ನ ಮೊದಲ ಯುದ್ಧದ ಕಥೆಯನ್ನು ಒಬ್ಬ ಸಂಪಾದಕರು ಓದುಗರಿಗೆ ವಾಕರಿಕೆ ಬರುತ್ತೆ ಅಂತ ತಿದ್ದಿದರು. ಹೆಣಗಳಿದ್ದ ಜಾಗಕ್ಕೆ ಸೂರ್ಯಾಸ್ತ ಬಂತು. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಓದಿದವರೆಲ್ಲ ಆ ಸೂರ್ಯಾಸ್ತವನ್ನೇ ಹೊಗಳಿದರು. ಆ ಸಂಪಾದಕರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ನಿನಗೆ ತಿದ್ದುವವರೂ ಬೇಕಾಗಿಲ್ಲ, ನೀನೇ ಸೂರ್ಯಾಸ್ತ ಹಾಕಿಕೊಂಡಿದ್ದೀಯ!

ಆದರೆ ಕಲಹದ ದೇವತೆ ಎರಿಸ್ ಬರುವ ಪುಟ ಓದುವಾಗ ಮೈ ಜುಂ ಅಂತು. ಮೊದಲು ಚಿಕ್ಕವಳು, ಆಮೇಲೆ ನೆಲದ ಮೇಲೆ ನಡೆಯುತ್ತಲೇ ಆಕಾಶಕ್ಕೆ ತಲೆ ತಾಗಿಸುವವಳು. ಅದನ್ನು ನೀನು ಇಬ್ಬರು ಸೈನಿಕರು ಒಂದು ಚರ್ಮದ ಚೀಲದ ನೀರಿಗೆ ಜಗಳ ಆಡುವುದರಲ್ಲಿ ತೋರಿಸಿದ್ದೀಯ. ಅದು ಸುಮ್ನೆ ಬರುವ ಬರಹ ಅಲ್ಲ, ಕಣ್ಣಿಟ್ಟು ನೋಡಿದ್ದು. ಹಳೆಯ ಗ್ರೀಕ್ ಕವಿ ಹೆಸಿಯಡ್ ಅವಳ ಮಕ್ಕಳ ಹೆಸರು ಹೇಳುವಾಗ ಕದನ, ಕೊಲೆಗಳ ಜೊತೆಗೇ ಹಸಿವನ್ನೂ ಸುಳ್ಳನ್ನೂ ಸೇರಿಸುತ್ತಾನೆ. ಹತ್ತು ವರ್ಷದ ಮುತ್ತಿಗೆಯಲ್ಲಿ ನಿನ್ನ ಪಾತ್ರಗಳಲ್ಲಿ ಒಬ್ಬರಿಗೂ ಹಸಿವಾಗಿಲ್ಲವಲ್ಲ, ಯಾಕಮ್ಮಾ?

ನಾಲ್ಕನೇ ಅಧ್ಯಾಯ ಮತ್ತೆ ಬರೆದು ಮೊದಲು ನನಗೆ ಕಳಿಸು. ಎರಿಸ್ ಪುಟದ ಒಂದಕ್ಷರವನ್ನೂ ಮುಟ್ಟಬೇಡ, ಯಾರು ಏನೇ ಹೇಳಲಿ.

ಪ್ರೀತಿಯಿಂದ,
ನಿನ್ನ ಅಕ್ಕ